ಹೊಸ ಹಾವು ಊಟ ಮುಟ್ತಿಲ್ಲ ಅಂತ ಗಾಬರಿ ಆದವರಿಗೆ

ಪುಣೆಲಿ ನನ್ನ ಹತ್ರ ಹಾವು ತರೋರಲ್ಲಿ ಹೆಚ್ಚಿನವರದ್ದು ಒಂದೇ ದೂರು, ತಂದು ವಾರ ಆಯ್ತು ಡಾಕ್ಟ್ರೇ, ಏನೂ ತಿಂತಾ ಇಲ್ಲ, ಇಂಜೆಕ್ಷನ್ ಏನಾದ್ರೂ ಕೊಡ್ತೀರಾ ಅಂತ. ನಾನು ಮೊದ್ಲು ಟ್ಯಾಂಕಿನ ಫೋಟೋ ಕೇಳ್ತೀನಿ, ಒಳಗೆ ಟೆಂಪರೇಚರ್ ಎಷ್ಟಿದೆ ಕೇಳ್ತೀನಿ, ದಿನಕ್ಕೆ ಎಷ್ಟು ಸಲ ಅದನ್ನ ಕೈಗೆ ತಗೋತೀರಿ ಅಂತ ಕೇಳ್ತೀನಿ. ಬಹಳ ಸಲ ಉತ್ತರ ಅಲ್ಲೇ ಸಿಕ್ಬಿಡುತ್ತೆ. ಹೊಸ ಜಾಗಕ್ಕೆ ಬಂದ ಹಾವು ಊಟ ಬಿಡೋಕೆ ಹೆಚ್ಚಾಗಿ ಎರಡೇ ಕಾರಣ, ಹೆದರಿಕೆ, ಇಲ್ಲಾಂದ್ರೆ ಚಳಿ.

ಇದಕ್ಕೆ ಮುಂಚೆ ಕಾನೂನಿನ ಮಾತು ಹೇಳ್ಲೇಬೇಕು. ನಾಗರಹಾವು, ಕೇರೆ, ನಮ್ಮ ಹೆಬ್ಬಾವು, ಇಲ್ಲಿನವರು ಮಾಂಡೂಳ್ ಅನ್ನೋ ಮಣ್ಣುಮುಕ್ಕ, ಇವನ್ನೆಲ್ಲ ಮನೇಲಿ ಇಟ್ಕೊಳ್ಳೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಅದೃಷ್ಟ ತರುತ್ತೆ ಅಂತ ಯಾರು ಹೇಳಿದ್ರೂ ಮುಟ್ಟಬೇಡಿ. ನಾನು ಇಲ್ಲಿ ಬರೀತಿರೋದು ಹೊರದೇಶದ ಬಾಲ್ ಪೈಥಾನ್ ಬಗ್ಗೆ, ಅದಕ್ಕೂ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸ್ಬೇಕು. ಪೇಪರ್ ಇಲ್ದೆ ಮಾರೋರ ಹತ್ರ ತಗೋಬೇಡಿ.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು, ಹಗಲೆಲ್ಲ ಇಲಿ ಬಿಲದಲ್ಲೋ ಗೆದ್ದಲ ಹುತ್ತದಲ್ಲೋ ಮುದುರಿಕೊಂಡು ಇದ್ದು ರಾತ್ರಿ ಹೊರಗೆ ಬರೋ ಪ್ರಾಣಿ. ಅಂಥದ್ದನ್ನ ತಂದು ಮನೆ ಹಾಲ್‌ನಲ್ಲಿ ಟಿವಿ ಪಕ್ಕ ನಾಲ್ಕೂ ಕಡೆ ಗಾಜಿರೋ ದೊಡ್ಡ ಟ್ಯಾಂಕಲ್ಲಿ ಬಿಟ್ಟು, ಬಂದ ನೆಂಟರಿಗೆಲ್ಲ ತೆಗ್ದು ತೋರಿಸ್ತಾ ಇದ್ರೆ ಅದು ಊಟ ಮಾಡೋದಾದ್ರೂ ಹೇಗೆ? ಮೂರು ಕಡೆ ಗಾಜಿಗೆ ಹೊರಗಿಂದ ಪೇಪರ್ ಅಂಟಿಸಿ. ಅಡಗೋಕೆ ಎರಡು ಗೂಡು ಇಡಿ, ಒಂದು ಬೆಚ್ಚಗಿರೋ ಕಡೆ, ಒಂದು ತಂಪಿರೋ ಕಡೆ, ಸುರುಳಿ ಸುತ್ತಿ ಕೂತ್ರೆ ಮೈ ಗೋಡೆಗೆ ತಾಗೋ ಅಷ್ಟು ಇಕ್ಕಟ್ಟಾಗಿರ್ಲಿ, ವಿಶಾಲವಾದ ಗೂಡು ಅದಕ್ಕೆ ಬಯಲಿದ್ದ ಹಾಗೇನೇ. ಹಾವು ನೆಲದ ಅದುರುವಿಕೆನ ಮೈಯಿಂದಾನೇ ಗ್ರಹಿಸುತ್ತೆ, ಅದಕ್ಕೇ ಸ್ಪೀಕರ್ ಮೇಲೆ, ಫ್ರಿಜ್ ಮೇಲೆ ಟ್ಯಾಂಕ್ ಇಡೋದು ಬೇಡ. ನಮ್ಮ ಊರಲ್ಲಿ ಗಣಪತಿ ಹಬ್ಬಕ್ಕೆ ಎಷ್ಟೋ ದಿನ ಮುಂಚಿನಿಂದ ಢೋಲ್ ತಾಷಾ ಪ್ರಾಕ್ಟೀಸ್ ಶುರುವಾಗುತ್ತಲ್ಲ, ಅಂಥ ಮೈದಾನದ ಪಕ್ಕ ಮನೆ ಇದ್ರೆ ಹಾವನ್ನ ಒಳಗಿನ ರೂಮಿಗೆ ಇಡಿ.

ಈಗ ಚಳಿ ವಿಷ್ಯ. ಹಾವಿಗೆ ಮೈಯೊಳಗಿಂದ ಶಾಖ ಹುಟ್ಟಲ್ಲ, ಹೊರಗೆ ಶಾಖ ಸಿಕ್ರೇನೇ ಹೊಟ್ಟೇಲಿರೋದು ಕರಗೋದು. ಟ್ಯಾಂಕಿನ ಬೆಚ್ಚಗಿನ ತುದಿ 31ರಿಂದ 33 ಡಿಗ್ರಿ, ತಂಪಿನ ತುದಿ 25ರಿಂದ 27 ಡಿಗ್ರಿ ಇರ್ಬೇಕು. ಮುಂಬೈ, ಗೋವಾದವರಿಗೆ ಇದು ಅಷ್ಟು ಕಷ್ಟ ಆಗಲ್ಲ, ಆದ್ರೆ ಪುಣೆ ಡಿಸೆಂಬರ್ ಜನವರಿ ರಾತ್ರಿ 10 ಡಿಗ್ರಿ ಹತ್ರಕ್ಕೂ ಇಳಿಯುತ್ತೆ, ಅಂಥ ತಣ್ಣನೆ ಮೈಯಲ್ಲಿ ಇಲಿ ನುಂಗಿದ್ರೂ ಅದು ಒಳಗೇ ಕೊಳೆತು ವಾಂತಿ ಆಗುತ್ತೆ. ಎಸಿ ಹಾಕೋ ಬೆಡ್‌ರೂಮಲ್ಲಿ ಬೇಸಿಗೇಲೂ ಇದೇ ತೊಂದ್ರೆ. ಹೀಟ್ ಮ್ಯಾಟ್ ಹಾಕಿ, ಆದ್ರೆ ಶಾಖ ಹೆಚ್ಚಾದ್ರೆ ತಾನೇ ಆಫ್ ಮಾಡೋ ಥರ್ಮೋಸ್ಟಾಟ್ ಇಲ್ದೆ ದಯವಿಟ್ಟು ಹಾಕ್ಬೇಡಿ, ಸುಡ್ತಿದ್ರೂ ಹಾವು ಅಲ್ಲಿಂದ ಎದ್ದು ಹೋಗದೇ ಇರ್ಬಹುದು, ಹೊಟ್ಟೆ ಸುಟ್ಟ ಹಾವುಗಳಿಗೆ ನಾನು ಡ್ರೆಸ್ಸಿಂಗ್ ಮಾಡಿದೀನಿ, ಆ ಗಾಯ ಮಾಯೋಕೆ ತಿಂಗಳುಗಟ್ಟಲೆ ಬೇಕು. ಗಾಜಿಗೆ ಅಂಟಿಸೋ ಗಡಿಯಾರದಂಥ ಮೀಟರ್ ನಂಬಬೇಡಿ, ವೈರ್ ಇರೋ ಡಿಜಿಟಲ್ ಮೀಟರ್ ತಗೊಂಡು ತುದಿನ ಹಾವು ಮಲಗೋ ಜಾಗದಲ್ಲೇ ಇಡಿ. ತೇವ 55ರಿಂದ 70 ಪರ್ಸೆಂಟ್ ಸಾಕು. ಏಪ್ರಿಲ್ ಮೇನಲ್ಲಿ ಇಲ್ಲಿ ಗಾಳಿ ಒಣಗಿ ಪೊರೆ ಕಣ್ಣಿನ ಮೇಲೇ ಅಂಟ್ಕೊಳ್ಳುತ್ತೆ, ಮಳೆಗಾಲದಲ್ಲಿ ಉಲ್ಟಾ, ಹಾಸು ಒದ್ದೆಯಾಗೇ ಇದ್ರೆ ಹೊಟ್ಟೆ ಚರ್ಮ ಕೊಳೆಯುತ್ತೆ.

ಇಷ್ಟು ಸರಿ ಮಾಡಿ, ಒಂದು ವಾರ ಮುಟ್ಟಬೇಡಿ. ನೀರು ಬದಲಾಯಿಸಿ, ಗಲೀಜು ತೆಗೀರಿ, ಅಷ್ಟೇ. ಈ ಒಂದು ವಾರ ಮನೆಯವರಿಗೆ ಎಷ್ಟು ಕಷ್ಟ ಅಂತ ನಂಗೊತ್ತು. ದಾವಣಗೆರೆ ಕಡೆಯ ಒಬ್ಬ ಹುಡುಗ ತಾಯಿ ಜೊತೆ ಬಂದಿದ್ದ, ಅಮ್ಮ ಕೂತ ತಕ್ಷಣ "ಹೊಟ್ಟೆಗೆ ಏನೂ ಇಲ್ದೆ ಮಲಗಿದೆ ಡಾಕ್ಟ್ರೇ, ನಂಗೆ ತುತ್ತು ಇಳೀತಿಲ್ಲ, ಒಂಚೂರು ಹಾಲಾದ್ರೂ ಇಡ್ಲಾ" ಅಂದ್ರು. "ಹಾಲು ಅದಕ್ಕೆ ಅರಗಲ್ಲಮ್ಮ, ಬಾಯಾರಿಕೆಗೆ ಕುಡಿದ್ರೂ ಹೊಟ್ಟೆ ಕೆಡುತ್ತೆ, ನೀರಿಡಿ ಸಾಕು" ಅಂದೆ. ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೆದು ಬೆಳೆದವರಿಗೆ ಆ ಮಾತು ಸಹಜವಾಗೇ ಬರುತ್ತೆ, ಅದು ಅಕ್ಕರೆ, ಆದ್ರೆ ಹಾವಿಗೆ ಈಗ ಬೇಕಿರೋ ಅಕ್ಕರೆ ಅಂದ್ರೆ ಅದನ್ನ ಅದರ ಪಾಡಿಗೆ ಬಿಡೋದು.

ವಾರದ ನಂತರ ಊಟ. ಕೊಟ್ಟವರನ್ನ ಮೊದ್ಲೇ ಕೇಳಿರ್ಬೇಕು, ಇದು ತಿಂತಿದ್ದದ್ದು ಚಿಕ್ಕ ಬಿಳಿ ಇಲೀನಾ ದೊಡ್ಡ ಜಾತಿ ಇಲಿ ಮರೀನಾ, ಜೀವಂತವಾ ಫ್ರೋಜನ್ನಾ, ಕೊನೇ ಸಲ ತಿಂದದ್ದು ಯಾವಾಗ. ಶುರುವಿಗೆ ಅದನ್ನೇ ಕೊಡಿ, ಅಭ್ಯಾಸ ಬದಲಾಯಿಸೋದು ಆಮೇಲೆ. ಹಾವಿನ ಮೈಯ ಅತಿ ದಪ್ಪ ಭಾಗದಷ್ಟೇ ದಪ್ಪ ಇರೋ ಇಲಿ ಸಾಕು. ಫ್ರೋಜನ್ ಆದ್ರೆ ರಾತ್ರಿಯೆಲ್ಲ ಫ್ರಿಜ್ಜಲ್ಲಿ ಕರಗಿಸಿ, ಆಮೇಲೆ ಕವರಲ್ಲಿ ಹಾಕಿ ಬಿಸಿ ನೀರಲ್ಲಿಡಿ, ಮೈಕ್ರೋವೇವ್ ಬೇಡ. ಮುಟ್ಟಿದ್ರೆ ಜೀವಂತ ಇಲಿಯಷ್ಟು ಬೆಚ್ಚಗಿರ್ಬೇಕು, ಯಾಕಂದ್ರೆ ಈ ಹಾವಿನ ತುಟಿ ಮೇಲಿರೋ ಸಣ್ಣ ಗುಳಿಗಳು ಶಾಖನ ಗ್ರಹಿಸ್ತವೆ, ತಣ್ಣಗಿರೋದು ಅದಕ್ಕೆ ಬೇಟೆ ಅಂತಾನೇ ಅನ್ಸಲ್ಲ. ಕತ್ತಲಾದ್ಮೇಲೆ ಲೈಟ್ ಆರಿಸಿ, ಉದ್ದ ಇಕ್ಕಳದಲ್ಲಿ ಹಿಡ್ಕೊಂಡು ಗೂಡಿನ ಬಾಯಿ ಹತ್ರ ಸ್ವಲ್ಪ ಆಡಿಸಿ, ಹಿಡೀದಿದ್ರೆ ಅಲ್ಲೇ ಬಿಟ್ಟು ಹೊರಗೆ ಬನ್ನಿ, ಬೆಳಿಗ್ಗೆಗೂ ಹಾಗೇ ಇದ್ರೆ ಬಿಸಾಕಿ. ಜೀವಂತ ಇಲಿನ ಒಳಗೆ ಬಿಟ್ಟು ಮಲಗೋದಂತೂ ಬೇಡ, ತಿನ್ನದ ಹಾವನ್ನ ಇಲಿಯೇ ಕಚ್ಚಿ ತಿಂದುಬಿಡುತ್ತೆ.

ತಿನ್ನದೆ ಬಿಟ್ರೆ ಮತ್ತೆ ಐದಾರು ದಿನ ಸುಮ್ನಿರಿ, ದಿನಾ ಇಲಿ ತೋರಿಸಿದ್ರೆ ಹೆದರಿಕೆ ಇನ್ನೂ ಹೆಚ್ಚುತ್ತೆ. ಕಣ್ಣು ನೀಲಿ ಮಬ್ಬಾಗಿದ್ರೆ ಪೊರೆ ಬಿಡೋ ಹೊತ್ತು, ಆಗ ಕೊಡೋದೇ ಬೇಡ. ಬೆಳೆದ ಗಂಡು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಉಪವಾಸ ಇರೋದು ಉಂಟು. ನೋಡ್ಬೇಕಾದ್ದು ತೂಕ, ಅಡುಗೆಮನೆ ಡಿಜಿಟಲ್ ತಕ್ಕಡಿಯಂಥದ್ದನ್ನೇ ಹಾವಿಗೆ ಅಂತ ಬೇರೆ ತಂದು ಹದಿನೈದು ದಿನಕ್ಕೊಮ್ಮೆ ತೂಗಿ ಬರೆದಿಡಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೀರಿ. ತಿಂದ ಮೇಲೆ ಎರಡು ದಿನ ಎತ್ತಬೇಡಿ. ವಾಂತಿ ಮಾಡಿದ್ರೆ ಎರಡು ವಾರ ಊಟ ನಿಲ್ಲಿಸಿ, ಆಮೇಲೆ ಸಣ್ಣ ಇಲಿಯಿಂದ ಶುರು ಮಾಡಿ. ಬಾಯಿ ಬಿಡಿಸಿ ತುರುಕೋ ಕೆಲ್ಸಕ್ಕೆ ಮನೇಲಿ ಯಾರೂ ಕೈ ಹಾಕ್ಬೇಡಿ, ಗಂಟಲು ಹರಿಯುತ್ತೆ.

ತೂಕ ಹತ್ತರಲ್ಲೊಂದು ಪಾಲು ಇಳಿದ್ರೆ, ಬೆನ್ನುಮೂಳೆ ಏಣಾಗಿ ಎದ್ದು ಕಂಡ್ರೆ, ಬಾಯಿ ತೆರೆದು ಉಸಿರಾಡ್ತಿದ್ರೆ, ಬಾಯಲ್ಲಿ ನೊರೆ ಗುಳ್ಳೆ ಬಂದ್ರೆ, ನೀರಿನ ಬಟ್ಟಲಲ್ಲಿ ಕಪ್ಪು ಚುಕ್ಕೆಯಂಥ ಹುಳ ಮುಳುಗಿದ್ರೆ, ಎರಡನೇ ಸಲ ವಾಂತಿ ಆದ್ರೆ ತಡ ಮಾಡದೆ ಹಾವು ನೋಡೋ ಡಾಕ್ಟರ ಹತ್ರ ಹೋಗಿ. ಗಂಟು ಕಟ್ಟಿದ ದಿಂಬಿನ ಕವರಲ್ಲಿ ಹಾಕಿ, ಅದನ್ನ ಗಾಳಿ ತೂತಿರೋ ಡಬ್ಬಿಯಲ್ಲಿಟ್ಟು ತನ್ನಿ, ಜೊತೆಗೆ ತೂಕ ಬರೆದಿಟ್ಟ ಚೀಟಿ, ಸಿಕ್ಕಿದ್ರೆ ತಾಜಾ ಮಲದ ಸ್ಯಾಂಪಲ್ಲೂ ಇರ್ಲಿ.