ಒಮ್ಮೆ ತುಂಬಿಸಿದರೆ ಸಾಕಲ್ವಾ ಸರ್?

ಸರ್ವರ್ ರೂಮಿನ ಕೂಲಿಂಗ್ ಕೆಲಸಕ್ಕೆ ನನ್ನ ಹತ್ತಿರ ಬರುವವರು ದೊಡ್ಡ ಕಂಪನಿಯವರಲ್ಲ. ಸಹಕಾರಿ ಬ್ಯಾಂಕಿನವರು, ಆಸ್ಪತ್ರೆಯವರು, ಕಾಲೇಜಿನವರು. ಕರೆಂಟಿನ ಲೆಕ್ಕ ಪಕ್ಕಾ ಮಾಡಿಕೊಂಡೇ ಬರುತ್ತಾರೆ. ಕೂಲಿಂಗ್ ಟವರ್, ಅಂದರೆ ರೂಮಿನ ಬಿಸಿ ಹೊತ್ತ ನೀರನ್ನು ಗಾಳಿಗೆ ಒಡ್ಡಿ ತಣಿಸುವ ಗೋಪುರ, ಹಾಕಿದರೆ ತಿಂಗಳಿಗೆ ಎಷ್ಟು ಯೂನಿಟ್ ಉಳಿಯುತ್ತದೆ, ಹಾಕಿದ ದುಡ್ಡು ಎಷ್ಟು ವರ್ಷದಲ್ಲಿ ವಾಪಸ್ ಬರುತ್ತದೆ, ಎಲ್ಲ ಬಾಯಲ್ಲೇ ಇರುತ್ತದೆ. ನೀರು ಎಲ್ಲಿಂದ ತರುತ್ತೀರಿ ಅಂತ ಕೇಳಿದರೆ ಮಾತ್ರ ಒಂದೇ ಉತ್ತರ: "ಬೋರ್ ಐತ್ರಿ." ಸ್ವಲ್ಪ ಒತ್ತಿ ಕೇಳಿದರೆ ಅಸಲು ವಿಷಯ ಹೊರಬೀಳುತ್ತದೆ. "ಟವರಿನ ನೀರು ಅಲ್ಲೇ ತಿರುಗ್ತಿರ್ತದಲ್ರಿ ಸರ್, ಒಮ್ಮೆ ತುಂಬಿಸಿದ್ರ ಸಾಕಲ್ಲ?"

ಸಾಕಾಗುವುದಿಲ್ಲ. ಇದನ್ನು ಹೇಳಿ ಹೇಳಿ ನನಗೆ ಬೇಸರ ಬಂದಿದೆ. ಆದರೂ ಇನ್ನೊಂದು ಸಲ ಹೇಳುತ್ತೇನೆ.

ನೀರು ತಿರುಗುವುದು ನಿಜ. ತಿರುಗುವುದರಿಂದ ತಂಪಾಗುವುದಿಲ್ಲ, ಅಷ್ಟೇ. ತಿರುಗುವ ನೀರಿನಲ್ಲಿ ಒಂದು ಪಾಲು ಆವಿಯಾಗಿ ಹೋಗುತ್ತದೆ. ಹೋಗುವಾಗ ಉಳಿದ ನೀರಿನ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಮನೆಯ ಮೂಲೆಯಲ್ಲಿಟ್ಟ ಮಣ್ಣಿನ ಹರವಿಯಲ್ಲಿ ಯಾರೂ ಕುಡಿಯದಿದ್ದರೂ ಬೇಸಿಗೆಯಲ್ಲಿ ನೀರು ಇಳಿಯುತ್ತದೆ, ಇಳಿಯುವುದರಿಂದಲೇ ಉಳಿದದ್ದು ತಣ್ಣಗಿರುತ್ತದೆ. ಟವರ್ ಮಾಡುವುದೂ ಅಷ್ಟೇ. ನೀರು ಹೋಗುವುದು ಸೋರಿಕೆಯಲ್ಲ, ಮಷೀನಿನ ದೋಷವೂ ಅಲ್ಲ. ಅದೇ ಅದರ ಕೆಲಸ. ನೀರು ಕಡಿಮೆಯಾಗದ ಟವರ್ ಇದ್ದರೆ ಅದು ತಂಪು ಮಾಡುತ್ತಿಲ್ಲ ಅಂತಲೇ ಅರ್ಥ.

ಎಷ್ಟು ಹೋಗುತ್ತದೆ ಅನ್ನುವುದಕ್ಕೆ ಯಾವ ಕಂಪನಿಯ ಬ್ರೋಷರೂ ಬೇಡ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೌಲ್ ಶಾಖ ಬೇಕು. ಒಂದು ಯೂನಿಟ್ ಅಂದರೆ 3,600 ಕಿಲೋಜೌಲ್. ಸರ್ವರ್ ಎಳೆದ ಕರೆಂಟೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಅಂದರೆ ಸರ್ವರ್ ತಿಂದ ಪ್ರತಿ ಯೂನಿಟ್‌ಗೆ ಸುಮಾರು ಒಂದೂವರೆ ಲೀಟರ್ ನೀರು ಗಾಳಿಗೆ. 100 ಕಿಲೋವ್ಯಾಟಿನ ರೂಮು ಹಗಲೂ ರಾತ್ರಿ ನಡೆದರೆ ದಿನಕ್ಕೆ ಮೂರೂವರೆ ಸಾವಿರ ಲೀಟರ್. ಇದು ಜಪಾನಿನ ಮಷೀನಿಗೂ ಒಂದೇ, ರಾಜಕೋಟಿನ ಮಷೀನಿಗೂ ಒಂದೇ. "ನಮ್ಮ ಟವರ್ ಅರ್ಧ ನೀರಲ್ಲಿ ಅಷ್ಟೇ ತಂಪು ಕೊಡ್ತದ" ಅಂತ ಯಾರಾದರೂ ಮಾರಲು ಬಂದರೆ ಚಹಾ ಕೊಟ್ಟು ಕಳಿಸಿ. ಉಳಿದರ್ಧ ಕೆಲಸವನ್ನು ಕರೆಂಟ್ ಅಥವಾ ಒಣ ಗಾಳಿ ಮಾಡುತ್ತಿರಬೇಕು, ಬೇರೆ ದಾರಿಯಿಲ್ಲ.

ಇದು ಬರೀ ಆವಿಯ ಲೆಕ್ಕ. ನೀರು ಹಾರಿಹೋದರೂ ಅದರಲ್ಲಿದ್ದ ಉಪ್ಪು ಹಾರುವುದಿಲ್ಲ. ಟವರಿನ ತಳದಲ್ಲಿ ನೀರು ದಿನೇ ದಿನೇ ಗಡುಸಾಗುತ್ತದೆ. ಅದಕ್ಕೇ ಒಂದಿಷ್ಟು ನೀರನ್ನು ಬೇಕಂತಲೇ ಹೊರಗೆ ಬಿಟ್ಟು ಹೊಸ ನೀರು ತುಂಬುತ್ತಿರಬೇಕು. ಇದಕ್ಕೆ ಬ್ಲೋಡೌನ್ ಅನ್ನುತ್ತೇವೆ. ಮಲಪ್ರಭೆಯ ನಳದ ನೀರಾದರೆ ಉಪ್ಪು ಐದು ಪಟ್ಟು ಆಗುವವರೆಗೆ ತಿರುಗಿಸಬಹುದು. ಆಗ ಆವಿಯಾದದ್ದರ ಕಾಲುಭಾಗ ಬಿಟ್ಟರೆ ಸಾಕು. ನವಲಗುಂದದ ಕಡೆಯ ಎರಿ ಭೂಮಿಯ ಬೋರಿನ ಉಪ್ಪು ನೀರಾದರೆ ಎರಡು ಪಟ್ಟಿಗೇ ನಿಲ್ಲಿಸಬೇಕಾಗುತ್ತದೆ. ಆಗ ಆವಿಯಾದಷ್ಟೇ ನೀರನ್ನು ಗಟಾರಕ್ಕೂ ಬಿಡಬೇಕು. ನಿಮ್ಮ ನೀರು ಎಷ್ಟು ಪಟ್ಟು ತಡೆಯುತ್ತದೆ ಅನ್ನುವುದು ಲ್ಯಾಬ್ ರಿಪೋರ್ಟ್ ನೋಡದೆ ನಾನು ಹೇಳಲಾರೆ. ಪಕ್ಕದ ಕಟ್ಟಡದ ರಿಪೋರ್ಟ್ ನಡೆಯುವುದಿಲ್ಲ. ಐವತ್ತು ಅಡಿ ಆಚೆ ಬೋರಿನ ನೀರು ಬೇರೆ ಇರಬಹುದು.

ಹುಬ್ಬಳ್ಳಿಯ ಗೋಕುಲ ರೋಡ್ ಕಡೆಯ ಒಂದು ಪ್ಲಾಂಟಿನಲ್ಲಿ ಬೇಸಿಗೆಯಲ್ಲಿ ಕರೆಂಟ್ ಬಿಲ್ ಏರುತ್ತಲೇ ಹೋಯಿತು. ನೀರಿನ ಖರ್ಚು ಮಾತ್ರ ಇಳಿದಿತ್ತು. ಮ್ಯಾನೇಜರ್ ಸಾಹೇಬರಿಗೆ ಅರ್ಧ ಖುಷಿ, ಅರ್ಧ ಗಾಬರಿ. ಹೋಗಿ ನೋಡಿದರೆ ಬ್ಲೋಡೌನ್ ವಾಲ್ವಿನ ಹಿಡಿಕೆಗೆ ಬೈಂಡಿಂಗ್ ತಂತಿ ಸುತ್ತಿ, ಗಂಟು ಹಾಕಿ, ತಂತಿಯ ತುದಿಯನ್ನು ನೀಟಾಗಿ ಒಳಗೆ ಮಡಚಿಟ್ಟಿದ್ದರು. ರಾತ್ರಿ ಪಾಳಿಯ ಕಾಕಾನ ಕೆಲಸ.

"ಕಾಕಾ, ಇದನ್ಯಾಕ ಕಟ್ಟೀರಿ?"

"ಸಾಹೇಬ್ರ, ಚಲೋ ನೀರು ಸುಮ್ನ ಗಟಾರಕ್ಕ ಹೊಂಟಿತ್ರಿ. ನಮ್ಮೂರಾಗ ಹೆಣ್ಣಮಕ್ಕಳು ಕೊಡ ಹಿಡಕೊಂಡು ಪಾಳಿ ನಿಂದರ್ತಾರ. ಕಣ್ಣಿಲೆ ನೋಡಾಕ ಆಗಲಿಲ್ಲ."

ಏನು ಬೈಯುವುದು? ನಳಕ್ಕೆ ನೀರು ಯಾವಾಗ ಬರುತ್ತದೋ ಅಂತ ನಿದ್ದೆಗೆಟ್ಟು ಕಾದ ಜನ ನಾವು. ಬೆಲೆ ಗೊತ್ತಿದ್ದವನೇ ವಾಲ್ವ್ ಕಟ್ಟಿದ್ದು. ಆದರೆ ಕಂಡೆನ್ಸರಿನ (ಮಷೀನಿನ ಶಾಖ ಟವರಿನ ನೀರಿಗೆ ದಾಟುವ ಭಾಗ) ಮುಚ್ಚಳ ಬಿಚ್ಚಿಸಿದಾಗ ತಾಮ್ರದ ನಳಿಕೆಗಳ ಒಳಗೆಲ್ಲ ಬೂದು ಬಿಳಿ ಪದರು ಕೂತಿತ್ತು. ಉಗುರಿನಿಂದ ಕೆರೆದರೂ ಏಳಲಿಲ್ಲ. ಆ ಪದರು ಶಾಖವನ್ನು ಆಚೆ ಹೋಗಗೊಡುವುದಿಲ್ಲ. ಒಳಗೆ ಒತ್ತಡ ಏರುತ್ತದೆ, ಅಷ್ಟೇ ತಂಪಿಗೆ ಕಂಪ್ರೆಸರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಗಟಾರಕ್ಕೆ ಹೋಗದೆ ಉಳಿದ ನೀರಿನ ಬೆಲೆಯನ್ನು ಹೆಸ್ಕಾಂಗೆ ಕಟ್ಟಿದ್ದಾಯಿತು. ಆಸಿಡ್ ಹಾಕಿ ತೊಳೆಸಿದ ಖರ್ಚು ಬೇರೆ. ಈಗ ಆ ವಾಲ್ವಿನ ಪಕ್ಕ ಕಾಕಾನ ಕೈಗೇ ನೀರಿನ ಉಪ್ಪು ಅಳೆಯುವ ಒಂದು ಟಿಡಿಎಸ್ ಮೀಟರ್ ಕೊಟ್ಟಿದ್ದೇವೆ. ಬ್ಲೋಡೌನ್ ನೀರು ಶೌಚಾಲಯದ ಫ್ಲಷ್ ಟ್ಯಾಂಕಿಗೆ ಹೋಗುವ ಹಾಗೆ ಪೈಪೂ ಎಳೆಸಿದೆವು. ಆ ನೀರಲ್ಲಿ ಕೆಮಿಕಲ್ ಇರುತ್ತದೆ. ಗಿಡಕ್ಕೆ ಬಿಡುವ ಮೊದಲು ಕೇಳಿ.

ಇನ್ನು ಮುಖ್ಯ ಪ್ರಶ್ನೆ: ನೀರು ಸುರಿದು ಕರೆಂಟ್ ಉಳಿಸುವುದು ಲಾಭವೋ ಇಲ್ಲವೋ? ಬೇಸಿಗೆಯಲ್ಲಿ 100 ಯೂನಿಟ್ ಶಾಖ ತೆಗೆಯಲು ಗಾಳಿಯಿಂದ ತಣಿಯುವ ಚಿಲ್ಲರ್ (ತಂಪು ಮಾಡುವ ಮಷೀನು) ಸುಮಾರು 30 ಯೂನಿಟ್ ತಿನ್ನುತ್ತದೆ ಅಂತ ಹಿಡಿಯಿರಿ. ಟವರ್ ಇರುವ ಚಿಲ್ಲರ್ ಪಂಪು, ಫ್ಯಾನು ಎಲ್ಲ ಸೇರಿ 18ರ ಆಸುಪಾಸು. ಉಳಿತಾಯ 12 ಯೂನಿಟ್. ಅದಕ್ಕೆ ಖರ್ಚಾದ ನೀರು, ಕಂಪ್ರೆಸರಿನ ಶಾಖವನ್ನೂ ಸೇರಿಸಿದರೆ, ಒಳ್ಳೆ ನೀರಿನಲ್ಲಿ 215 ಲೀಟರ್ ಹತ್ತಿರ. ಅಂದರೆ ಒಂದು ಯೂನಿಟ್ ಉಳಿಸಲು 18 ಲೀಟರ್. ಬೋರಿನ ಗಡಸು ನೀರಾದರೆ 29ರ ಹತ್ತಿರ. ಐದು ಸಾವಿರ ಲೀಟರಿನ ಟ್ಯಾಂಕರ್ ತರಿಸಿದರೆ ನಿಮಗೆ ಉಳಿಯುವುದು 280 ಯೂನಿಟ್, ಗಡಸು ನೀರಾದರೆ 180ಕ್ಕೂ ಕಡಿಮೆ. ನಿಮ್ಮ ಓಣಿಯ ಟ್ಯಾಂಕರ್ ದರ ನಿಮಗೇ ಗೊತ್ತು, ಯೂನಿಟ್ ದರ ಬಿಲ್ಲಿನಲ್ಲೇ ಇದೆ. ಮಷೀನು ಬದಲಾದರೆ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ಲೆಕ್ಕದ ದಾರಿ ಬದಲಾಗುವುದಿಲ್ಲ. ಈ ಒಂದು ಭಾಗಾಕಾರ ಮಾಡದೆ ಟವರಿಗೆ ಆರ್ಡರ್ ಕೊಟ್ಟವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಓದಿಕೊಂಡು ಬಂದವರು ಇನ್ನೊಂದು ಮಾತು ಹೇಳುತ್ತಾರೆ. ಕರೆಂಟ್ ತಯಾರಿಸಲೂ ನೀರು ಬೇಕಲ್ವಾ, ಕರೆಂಟ್ ಉಳಿಸಿದರೆ ನೀರೂ ಉಳಿದಂತೆಯೇ ಅಂತ. ಬೇಕು ನಿಜ. 2015ರ ಕೇಂದ್ರದ ನಿಯಮದ ಪ್ರಕಾರ ಹಳೆಯ ಕಲ್ಲಿದ್ದಲು ಸ್ಥಾವರಕ್ಕೆ ಯೂನಿಟ್‌ಗೆ ಮೂರೂವರೆ ಲೀಟರಿನ ಮಿತಿ. ರಾಯಚೂರಿನ ಕಲ್ಲಿದ್ದಲು ಸ್ಥಾವರದಲ್ಲಿ ಮೂರೂವರೆ ಲೀಟರ್ ಉಳಿಸಲು ಹುಬ್ಬಳ್ಳಿಯಲ್ಲಿ 18 ಲೀಟರ್ ಚೆಲ್ಲಿದ ಹಾಗಾಯಿತು. ಅದೂ ಅಲ್ಲಿಯದು ಕೃಷ್ಣೆಯ ನೀರು, ಇಲ್ಲಿಯದು ನಿಮ್ಮ ಓಣಿಯ ನಳದ್ದು. ನಿಮ್ಮ ಕರೆಂಟು ಗದಗದ ಕಪ್ಪತಗುಡ್ಡದ ಸುತ್ತಿನ ಗಾಳಿಯಂತ್ರದ್ದಾದರೆ ಆ ಮೂರೂವರೆ ಲೀಟರೂ ಇಲ್ಲ. ಕಲ್ಲಿದ್ದಲಿನ ಹೊಗೆ ಕಡಿಮೆಯಾಗುತ್ತದೆ ಅನ್ನುವ ವಾದ ಬೇರೆ, ಅದನ್ನು ಒಪ್ಪುತ್ತೇನೆ.

ಹಾಗಂತ ಟವರೇ ಬೇಡ ಅಂತ ನಾನು ಹೇಳುತ್ತಿಲ್ಲ. ವರ್ಷವಿಡೀ ಒಂದೇ ರೀತಿ ಓಡಿಸಬೇಡಿ, ಬೇಕಾದಾಗ ಮಾತ್ರ ನೀರು ಬಿಡಿ ಅನ್ನುತ್ತಿದ್ದೇನೆ. ನೀರು ಎಷ್ಟು ತಣಿಸಬಲ್ಲದು ಅನ್ನುವುದನ್ನು ವೆಟ್ ಬಲ್ಬ್ ಉಷ್ಣತೆ ಹೇಳುತ್ತದೆ. ಥರ್ಮಾಮೀಟರಿನ ತುದಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿದಾಗ ತೋರಿಸುವ ಅಂಕಿ ಅದು. ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿಯಲ್ಲಿ 37 ಡಿಗ್ರಿ, ತೇವಾಂಶ ಶೇ. 25 ಇದ್ದರೆ ವೆಟ್ ಬಲ್ಬ್ 22ರ ಸುತ್ತ. ನೀರು ನಿಮಗೆ 15 ಡಿಗ್ರಿಯ ಅವಕಾಶ ಕೊಡುತ್ತದೆ. ಜುಲೈಯಲ್ಲಿ ಜಿಟಿಜಿಟಿ ಮಳೆ, 26 ಡಿಗ್ರಿ, ತೇವಾಂಶ ಶೇ. 90. ಆಗ ವೆಟ್ ಬಲ್ಬ್ ಸುಮಾರು 24.5. ಬೇಸಿಗೆಗಿಂತ ಜಾಸ್ತಿ! ಹೆಚ್ಚಿನವರು ಇದನ್ನು ನಂಬುವುದೇ ಇಲ್ಲ. ಆ ದಿನ ಶಾಖ ಹೊರಬಿಡುವ ಕಾಯಿಲ್ (ಕೊಳವೆ ಸುರುಳಿ) ಮೇಲೆ ನೀರಿನ ಸ್ಪ್ರೇ ಬಿಟ್ಟರೂ ಒಂದೂವರೆ ಡಿಗ್ರಿ ಸಿಗುತ್ತದೆ, ಅಷ್ಟೇ. ನೀರು ಬಿಡದ ಒಣ ಕಾಯಿಲೇ ಸಾಕು, ಕಂಪ್ರೆಸರ್ ಆರಾಮಾಗಿ ಓಡುತ್ತದೆ. ಹಾಗಿದ್ದರೆ ಕಿಟಕಿ ತೆಗೆದು ಹೊರಗಿನ ಗಾಳಿ ಬಿಡೋಣವೇ ಅಂತ ಕೇಳಬೇಡಿ. ಆ ತೇವ ಸರ್ವರಿಗೆ ಆಗದು. ಬೇಸಿಗೆಯಲ್ಲಿ ಎರಿ ಮಣ್ಣಿನ ಧೂಳು ಬೇರೆ.

ಡಿಸೆಂಬರ್, ಜನವರಿ ರಾತ್ರಿಗಳಲ್ಲೂ ನೀರು ಬೇಡ. ಹೊರಗೆ ಹೊದ್ದುಕೊಂಡು ಮಲಗುವಷ್ಟು ಚಳಿ. ಸರ್ವರ್ ಒಳಗೆ ಎಳೆದುಕೊಳ್ಳುವ ಗಾಳಿ 27 ಡಿಗ್ರಿವರೆಗೆ ಇರಬಹುದು ಅಂತ ಅಮೆರಿಕದ ಕೂಲಿಂಗ್ ಇಂಜಿನಿಯರುಗಳ ಸಂಘ ಆಶ್ರೇ (ASHRAE) ಹೇಳಿ ಎಷ್ಟೋ ವರ್ಷವಾಯಿತು. ಆದರೂ ನಮ್ಮವರು ರೂಮನ್ನು 18ಕ್ಕೆ ಇಟ್ಟು, ಒಳಗೆ ಹೋಗುವ ಹುಡುಗನಿಗೆ ಸ್ವೆಟರ್ ತೊಡಿಸುತ್ತಾರೆ. ಮೊದಲು ಅದನ್ನು 24ಕ್ಕೆ ತನ್ನಿ. ನೀರೂ ಖರ್ಚಿಲ್ಲ, ದುಡ್ಡೂ ಖರ್ಚಿಲ್ಲ.

ಉಳಿಯುವುದು ಮಾರ್ಚ್‌ನಿಂದ ಮೇವರೆಗಿನ ಮಧ್ಯಾಹ್ನಗಳು. ಒಂದು ಲೀಟರ್ ನೀರಿಗೆ ಅತಿ ಜಾಸ್ತಿ ಕರೆಂಟ್ ಉಳಿಯುವುದು ಆಗ. ಊರಿನಲ್ಲಿ ನೀರಿಗೆ ತತ್ವಾರ ಬರುವುದೂ ಆಗಲೇ. ಇದಕ್ಕೆ ನನಗೆ ಸರಿ ಕಂಡದ್ದು ಮಳೆನೀರು. ಲೆಕ್ಕ ನೋಡಿ. 100 ಕಿಲೋವ್ಯಾಟಿನ ರೂಮು, ದಿನಕ್ಕೆ ಎಂಟು ಗಂಟೆ ಮಾತ್ರ ಸ್ಪ್ರೇ, ಅಂದರೆ 1,200 ಲೀಟರ್. ತೊಂಬತ್ತು ದಿನಕ್ಕೆ ಒಂದು ಲಕ್ಷ ಎಂಟು ಸಾವಿರ. ವರ್ಷಕ್ಕೆ 700 ಮಿಲಿಮೀಟರ್ ಮಳೆ ಬೀಳುವ ಕಡೆ 200 ಚದರ ಮೀಟರಿನ ಛಾವಣಿ, ಸೋರಿಹೋದದ್ದು ಕಳೆದರೂ, ಇಷ್ಟು ನೀರು ಕೊಡುತ್ತದೆ. ಕಂಪ್ರೆಸರಿನ ಶಾಖ, ಗಾಳಿಗೆ ಹಾರುವ ಹನಿಗಳಿಗಾಗಿ ಮೇಲೆ ಕಾಲುಭಾಗ ಹಿಡಿಯಿರಿ. ಮಳೆನೀರಿನಲ್ಲಿ ಉಪ್ಪು ಇಲ್ಲದಷ್ಟು ಕಡಿಮೆ, ಬ್ಲೋಡೌನ್ ಕಾಟವೂ ಹೆಚ್ಚಿರುವುದಿಲ್ಲ.

ಮಳೆನೀರಿನ ಸಂಪಿನೊಳಗೆ ಬೆಳಕು ಬೀಳದ ಹಾಗೆ ಮುಚ್ಚಳ ಇರಲಿ, ಮೊದಲ ಮಳೆಯ ಕೊಳೆ ನೀರು ಒಳಗೆ ಹೋಗದಿರಲಿ. ಅಕ್ಟೋಬರಿನಿಂದ ನಿಂತ ನೀರನ್ನು ಮಾರ್ಚಿನಲ್ಲಿ ಸೀದಾ ಸ್ಪ್ರೇಗೆ ಬಿಡಬೇಡಿ. ಲೆಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇಂಥ ಹನಿಗಳಲ್ಲೇ ಹರಡುತ್ತದೆ, ಶ್ವಾಸಕೋಶಕ್ಕೆ ಹೋದರೆ ಅಪಾಯ. ಆಸ್ಪತ್ರೆಯ ಛಾವಣಿಯಾದರೆ ಇನ್ನೂ ಹುಷಾರಾಗಿರಬೇಕು. ಔಷಧಿ ಎಷ್ಟು ಹಾಕಬೇಕು ಅನ್ನುವುದು ನೀರಿನ ಪರೀಕ್ಷೆ ಆದ ಮೇಲಿನ ಮಾತು. ಫೋನಿನಲ್ಲಿ ಕೇಳಿದರೆ ನಾನು ಹೇಳುವುದಿಲ್ಲ.