ಜಿಟ್ ಜಿಟ್ ಹಕ್ಕಿ: ಮೊದಲು ಕಿವಿ, ಆಮೇಲೆ ಕಣ್ಣು

ಹುಲ್ಲುಗಾವಲಿನ ಹಕ್ಕಿಗಳನ್ನು ಈಗಷ್ಟೇ ಕಲಿಯಲು ಹೊರಟವರು ಜಿಟ್ಟಿಂಗ್ ಸಿಸ್ಟಿಕೋಲದ ಚಿತ್ರವನ್ನು ಮೊದಲು ನೋಡಬೇಡಿ. ಅದರ ದನಿ ಕೇಳಿ. ನಾನು ಉಲ್ಟಾ ಮಾಡಿದ್ದೆ. ಚಿತ್ರ ನೋಡಿಕೊಂಡು ಹೊಲದ ಬದುವಿಗೆ ಹೋಗಿ, ಕಂಡ ಕಂದು ಹಕ್ಕಿಯನ್ನೆಲ್ಲ ಪಿಪಿಟ್ (ಬಯಲಿನ ಇನ್ನೊಂದು ಕಂದು ಹಕ್ಕಿ) ಎಂದು ಬರೆದುಕೊಂಡು ಬಂದಿದ್ದೆ. ತಲೆಯ ಮೇಲೆ ಒಂದು ಪುಟ್ಟ ಹಕ್ಕಿ 'ಜಿಟ್... ಜಿಟ್... ಜಿಟ್' ಎನ್ನುತ್ತಾ ಸುತ್ತುತ್ತಲೇ ಇತ್ತು. ಅದು ಯಾವುದೋ ಹುಳುವಿನ ಸದ್ದು ಅಂದುಕೊಂಡಿದ್ದೆ!

ಮೊದಲು ಗಾತ್ರ. ಉದ್ದ ಸುಮಾರು 10 ಸೆಂಟಿಮೀಟರ್, ತೂಕ 8ರಿಂದ 10 ಗ್ರಾಂ. ಅಂಗೈಯಲ್ಲಿ ಒಂದು ಹತ್ತು ರೂಪಾಯಿ ನಾಣ್ಯ ಇಟ್ಟುಕೊಂಡರೆ ತೂಕದ ಅಂದಾಜು ಸಿಗುತ್ತದೆ. ಗುಬ್ಬಚ್ಚಿ ಇದರ ಮುಂದೆ ದೊಡ್ಡಣ್ಣ. ಬೆನ್ನಿನ ಮೇಲೆ ಕಪ್ಪು ಗೀರುಗಳು, ಹೊಟ್ಟೆ ಬಿಳಿಚು, ಬಾಲದ ಬುಡದ ಹತ್ತಿರ ಕೆಂಗಂದು. ಬಾಲ ಗಿಡ್ಡ. ಇಳಿಯುವಾಗ ಅದನ್ನು ಬೀಸಣಿಗೆಯಂತೆ ಬಿಚ್ಚುತ್ತದೆ, ಆಗ ತುದಿಯ ಬಿಳಿ ಅಂಚು, ಅದರ ಒಳಗೆ ಕಪ್ಪು ಪಟ್ಟಿ ಕಾಣುತ್ತದೆ. ಹಳೆಯ ಪುಸ್ತಕಗಳಲ್ಲಿ ಇದಕ್ಕೆ ಸ್ಟ್ರೀಕ್ಡ್ ಫ್ಯಾನ್‌ಟೇಲ್ ವಾರ್ಬ್ಲರ್ ಎಂಬ ಹೆಸರಿರುವುದು ಇದಕ್ಕೇ.

ವೈಜ್ಞಾನಿಕ ಹೆಸರು ಸಿಸ್ಟಿಕೋಲ ಜುನ್ಸಿಡಿಸ್. ಲ್ಯಾಟಿನ್‌ನಲ್ಲಿ ಜುಂಕಸ್ ಎಂದರೆ ಜೊಂಡು. ನಿಸರ್ಗ ವಿಜ್ಞಾನಿ ರಾಫಿನೆಸ್ಕ್ 1810ರಲ್ಲಿ ಇದನ್ನು ಮೊದಲು ವಿವರಿಸಿದ್ದು ಇಟಲಿಯ ಸಿಸಿಲಿ ದ್ವೀಪದ ಹಕ್ಕಿಯನ್ನು ನೋಡಿ. ತಮಾಷೆ ಅಲ್ವಾ? ಆಫ್ರಿಕಾದ ಹುಲ್ಲುಬಯಲು, ನಮ್ಮ ದೇಶ, ಆಗ್ನೇಯ ಏಷ್ಯಾ, ಉತ್ತರ ಆಸ್ಟ್ರೇಲಿಯಾದವರೆಗೆ ಹರಡಿರುವ ಬಿಸಿಲ ನಾಡಿನ ಹಕ್ಕಿಗೆ ಹೆಸರು ಸಿಕ್ಕಿದ್ದು ಯುರೋಪಿನಲ್ಲಿ. ಅಲ್ಲಿ ಕಡುಚಳಿ ಬಿದ್ದ ವರ್ಷ ಇದರ ಸಂಖ್ಯೆ ತುಂಬಾ ಕುಸಿಯುತ್ತದೆ.

ಈಗ ದನಿಯ ವಿಷಯ. ಸಿಸ್ಟಿಕೋಲಗಳಲ್ಲಿ ಸುಮಾರು 50 ಜಾತಿಗಳಿವೆ, ಹೆಚ್ಚಿನವು ಆಫ್ರಿಕಾದವು. ನೋಡಲು ಎಲ್ಲವೂ ಗೀರು ಗೀರು ಕಂದು. ಹಾಗಾಗಿ ಎಷ್ಟೋ ಜಾತಿಗಳ ಇಂಗ್ಲಿಷ್ ಹೆಸರೇ ದನಿಯಿಂದ ಬಂದಿದೆ. ರ್‍ಯಾಟ್ಲಿಂಗ್ ಎಂದರೆ ಗಿಲಕಿಯಂಥದ್ದು, ಕ್ರೋಕಿಂಗ್ ಎಂದರೆ ಕಪ್ಪೆಯಂತೆ ವಟಗುಟ್ಟುವುದು, ವೇಲಿಂಗ್ ಎಂದರೆ ಗೋಳಿಡುವುದು, ಟಿಂಕ್ಲಿಂಗ್ ಎಂದರೆ ಕಿಣಿಕಿಣಿ ಎನ್ನುವುದು. ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಹ್ಯೂಬರ್ಟ್ ಲೈನ್ಸ್ ಈ ಗೋಜಲನ್ನು ಬಿಡಿಸಲು ವರ್ಷಗಟ್ಟಲೆ ಓಡಾಡಿ, 1930ರಲ್ಲಿ ಈ ಒಂದೇ ಕುಲದ ಮೇಲೆ ದೊಡ್ಡ ಅಧ್ಯಯನ ಪ್ರಕಟಿಸಿದರು. ಹಡಗು ಬಿಟ್ಟು ಹುಲ್ಲಿಗೆ ಬಂದ ಮನುಷ್ಯ!

ನಮ್ಮ ಹಕ್ಕಿಯ ಹಾಡು ಹಾಡೇ ಅಲ್ಲ ಎನ್ನಬೇಕು. ಗಂಡು ಹುಲ್ಲಿನಿಂದ ಎದ್ದು, ತನ್ನ ಜಾಗದ ಮೇಲೆ ಏರುತ್ತಾ ಇಳಿಯುತ್ತಾ ದೊಡ್ಡ ಸುತ್ತು ಹಾಕುತ್ತದೆ. ಪ್ರತಿ ಏರಿಗೆ ಒಂದು 'ಜಿಟ್'. ಹೆಚ್ಚುಕಡಿಮೆ ಸೆಕೆಂಡಿಗೆ ಒಂದು, ಕತ್ತರಿ ಆಡಿಸಿದ ಹಾಗೆ. ಹಾರುತ್ತಲೇ ಯಾಕೆ ಕೂಗಬೇಕು? ಬಯಲಿನಲ್ಲಿ ಎತ್ತರದ ಕೊಂಬೆ ಎಲ್ಲಿದೆ? ದನಿ ದೂರ ಹೋಗಬೇಕೆಂದರೆ ಆಕಾಶವನ್ನೇ ಕೊಂಬೆ ಮಾಡಿಕೊಳ್ಳಬೇಕು. ಬಯಲಿನ ನೆಲಗುಬ್ಬಿಗಳೂ (ಲಾರ್ಕ್) ಹೀಗೇ ಮಾಡುತ್ತವೆ. ಆದರೆ ಅವುಗಳ ಹಾಡು ಉದ್ದ, ಇದರದ್ದು ಒಂದೇ ಅಕ್ಷರ.

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಗೂಡು. ಸಿಸ್ಟಿಕೋಲ ನಮ್ಮ ಸಿಂಪಿಗ ಹಕ್ಕಿಯ ಕುಟುಂಬಕ್ಕೇ ಸೇರಿದ್ದು, ಹೊಲಿಗೆ ಮನೆತನದ ಕಸುಬು. ಸಿಂಪಿಗ ಅಗಲದ ಎಲೆ ಹೊಲಿದರೆ, ಇದು ನಿಂತಿರುವ ಹಸಿ ಹುಲ್ಲಿನ ಗರಿಗಳನ್ನೇ ಜೇಡರ ಬಲೆಯ ನೂಲಿನಿಂದ ಒಂದಕ್ಕೊಂದು ಬಿಗಿಯುತ್ತದೆ. ಆಗುವುದು ಒಂದು ಉದ್ದನೆಯ ಚೀಲ, ಬಾಯಿ ಮೇಲ್ಭಾಗದಲ್ಲಿ. ಹುಲ್ಲನ್ನು ಕಿತ್ತಿಲ್ಲವಾದ್ದರಿಂದ ಗೂಡಿನ ಗೋಡೆ ಹಸಿರಾಗಿಯೇ ಇರುತ್ತದೆ, ಪಕ್ಕದಲ್ಲೇ ನಿಂತರೂ ಕಾಣುವುದಿಲ್ಲ. ನಮ್ಮಲ್ಲಿ ಇದು ಹೆಚ್ಚಾಗಿ ಮಳೆಗಾಲದಲ್ಲಿ ಗೂಡು ಕಟ್ಟುವುದು ಯಾಕೆ ಎಂಬುದಕ್ಕೂ ಅರ್ಧ ಉತ್ತರ ಇಲ್ಲೇ ಇದೆ: ಒಣ ಹುಲ್ಲು ಬಾಗಿಸಿದರೆ ಮುರಿಯುತ್ತದೆ. ಇನ್ನರ್ಧ ಉತ್ತರ, ಮರಿಗಳಿಗೆ ಬೇಕಾದ ಹುಳುಹುಪ್ಪಟೆ.

ಹೊರಗಿನ ಚೀಲ ಕಟ್ಟುವುದು ಗಂಡು. ಹೆಣ್ಣು ಬಂದು ನೋಡುತ್ತದೆ. ಒಪ್ಪಿದರೆ ಒಳಗೆ ಹತ್ತಿಯಂಥ ಮೆತ್ತನೆಯ ವಸ್ತು ತುಂಬಿ ಮೊಟ್ಟೆ ಇಡುತ್ತದೆ. ಕಾವು ಕೂರುವುದು ಹೆಣ್ಣೊಂದೇ. ಗಂಡು ಆಗಲೇ ಇನ್ನೊಂದು ಚೀಲ ಶುರು ಮಾಡಿರುತ್ತದೆ, ಇನ್ನೊಂದು ಹೆಣ್ಣಿಗಾಗಿ. ಜಪಾನಿನಲ್ಲಿ ಒಂದೇ ಗಂಡು ಒಂದೇ ಋತುವಿನಲ್ಲಿ ಹತ್ತಕ್ಕೂ ಹೆಚ್ಚು ಗೂಡು ಕಟ್ಟಿದ್ದು ದಾಖಲಾಗಿದೆ. ಒಳ್ಳೆಯ ಮೇಸ್ತ್ರಿ, ಸಂಸಾರದ ಮಟ್ಟಿಗೆ ಅಷ್ಟಕ್ಕಷ್ಟೆ.

ಗೊಂದಲ ಆಗುವ ಹಕ್ಕಿಗಳು: ಇದೇ ಕುಟುಂಬದ ಪುಟ್ಟ ಹಕ್ಕಿಗಳಾದ ಪ್ರಿನಿಯಾಗಳ ಬಾಲ ಉದ್ದ, ನಮ್ಮಲ್ಲಿ ಸಾಮಾನ್ಯವಾಗಿ ಕಾಣುವವುಗಳ ಬೆನ್ನಲ್ಲಿ ಗೀರಿಲ್ಲ. ಪಿಪಿಟ್ ದೊಡ್ಡದು, ನೆಲದ ಮೇಲೆ ನಡೆದಾಡುತ್ತದೆ. ನಿಜವಾದ ತಲೆನೋವು ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲಿನಲ್ಲಿರುವ ಗೋಲ್ಡನ್ ಹೆಡೆಡ್ ಸಿಸ್ಟಿಕೋಲ. ಮಳೆಗಾಲದಲ್ಲಿ ಅದರ ಗಂಡಿನ ತಲೆ ಗೀರಿಲ್ಲದ ಹೊಂಬಣ್ಣ, ಆಗ ಕಷ್ಟವಿಲ್ಲ. ಉಳಿದ ಕಾಲದಲ್ಲಿ ಬಾಲದ ತುದಿ ನೋಡಿ, ಅಚ್ಚ ಬಿಳಿ ಇದ್ದರೆ ನಮ್ಮದು.

ಹುಡುಕಲು ಕಾಡಿಗೆ ಹೋಗಬೇಕಿಲ್ಲ. ಗದ್ದೆ, ಕೆರೆಯಂಚು, ಬೆಂಗಳೂರಿನ ಪಕ್ಕದ ಹೆಸರಘಟ್ಟದಂಥ ಹುಲ್ಲುಗಾವಲು ಸಾಕು. ಜುಲೈ ತಿಂಗಳ ಬೆಳಗ್ಗೆ ಒಂದು ಕಡೆ ಸುಮ್ನೆ ನಿಂತು 'ಜಿಟ್'ಗಳನ್ನು ಎಣಿಸಿ. ಹಕ್ಕಿ ಇಳಿದ ಜಾಗ ಕಂಡಿತು ಎಂದು ಹುಲ್ಲೊಳಗೆ ನುಗ್ಗಬೇಡಿ. ಗೂಡು ಇರುವುದು ಮೊಣಕಾಲಿಗಿಂತ ಕೆಳಗೆ, ಕಾಣುವ ಮೊದಲೇ ತುಳಿದಿರುತ್ತೀರಿ.