ಕೆಂಪು ಚೇಳು ಬದಲಿಸಿದ ಕುಲಗಳು

ಕೊಪ್ಪಳ, ರಾಯಚೂರು ಕಡೆ ಹೊಲದ ಕಲ್ಲು ಎತ್ತುವವರಿಗೆ, ಕಟ್ಟಿಗೆ ಸರಿಸುವವರಿಗೆ ಕೆಂಪು ಚೇಳೆಂದರೆ ಜಾಸ್ತಿ ಭಯ. ಆ ಭಯ ಸರಿಯಾದದ್ದೇ. ದಪ್ಪ ಇಕ್ಕಳದ ಕರಿ ಚೇಳು ನೋಡೋಕೆ ಭಯಂಕರ, ಆದರೆ ಜೀವ ತೆಗೆಯಬಲ್ಲದ್ದು ಸಣಕಲು ಇಕ್ಕಳದ ಕೆಂಪು ಚೇಳು. ಊರಿನವರಿಗೆ ಅದು ಇವತ್ತಿಗೂ ಕೆಂಪು ಚೇಳೇ. ವಿಜ್ಞಾನದ ಪುಸ್ತಕದಲ್ಲಿ ಮಾತ್ರ ಅದರ ಕುಲ, ಅಂದರೆ ಎರಡು ಪದದ ವೈಜ್ಞಾನಿಕ ಹೆಸರಿನ ಮೊದಲ ಪದ, ಬದಲಾಗುತ್ತಲೇ ಬಂದಿದೆ.

1798ರಲ್ಲಿ ಡೆನ್ಮಾರ್ಕಿನ ಕೀಟವಿಜ್ಞಾನಿ ಫ್ಯಾಬ್ರಿಷಿಯಸ್ ಇದನ್ನು ಸ್ಕಾರ್ಪಿಯೊ ಟ್ಯಾಮುಲಸ್ ಎಂದು ಕರೆದ. ಆಗ ಚೇಳುಗಳೆಲ್ಲ ಹೆಚ್ಚುಕಡಿಮೆ ಸ್ಕಾರ್ಪಿಯೊ ಕುಲದಲ್ಲೇ ಇದ್ದವು. 1815ರಲ್ಲಿ ಬ್ಯೂಥಸ್ ಎಂಬ ಕುಲ ಬಂತು. 1900ರಲ್ಲಿ ಬ್ರಿಟಿಷ್ ಇಂಡಿಯಾದ ಚೇಳುಗಳ ಬಗ್ಗೆ ಬರೆದ ಪೋಕಾಕ್ ನಮ್ಮ ಚೇಳನ್ನು ಬ್ಯೂಥಸ್‌ನಲ್ಲೇ ಇಟ್ಟ. ಆ ಕುಲ ಅಷ್ಟೊತ್ತಿಗೆ ಸಿಕ್ಕಿದ್ದನ್ನೆಲ್ಲ ತುಂಬಿದ ಗೋಡೌನ್ ಆಗಿತ್ತು. ಫ್ರಾನ್ಸಿನ ಮ್ಯಾಕ್ಸ್ ವಾಶೋನ್ ಚೇಳಿನ ಇಕ್ಕಳದ ಮೇಲಿನ ಸೂಕ್ಷ್ಮ ಕೂದಲು ಎಲ್ಲೆಲ್ಲಿವೆ ಎಂದು ನೋಡಿ ಕುಲಗಳನ್ನು ಬೇರ್ಪಡಿಸುತ್ತಿದ್ದವರು. 1950ರಲ್ಲಿ ಅವರು ಮೆಸೊಬ್ಯೂಥಸ್ ಕುಲ ಮಾಡಿದರು. ಮುಂದೆ ಕೆಂಪು ಚೇಳೂ ಅದರೊಳಗೆ ಬಂತು.

2007ರಲ್ಲಿ ಜೆಕ್ ದೇಶದ ಫ್ರಾಂಟಿಶೆಕ್ ಕೊವಾರ್ಝಿಕ್ ಇದನ್ನು ಹಾಟೆಂಟೋಟಾ ಕುಲಕ್ಕೆ ಸೇರಿಸಿದರು. ರಷ್ಯಾದ ಪ್ರಾಣಿವಿಜ್ಞಾನಿ ಬಿರುಲಾ 1908ರಲ್ಲಿ ಮಾಡಿದ ಈ ಕುಲದ ಹೆಸರು ಆಫ್ರಿಕಾದ ಒಂದು ಚೇಳಿನಿಂದ ಬಂದದ್ದು. ಆ ಚೇಳಿಗೆ 1787ರಲ್ಲಿ ಹೆಸರಿಟ್ಟವನೂ ಇದೇ ಫ್ಯಾಬ್ರಿಷಿಯಸ್! ಹಾಟೆಂಟಾಟ್ ಎಂಬುದು ದಕ್ಷಿಣ ಆಫ್ರಿಕಾದ ಖೋಯ್ ಜನರನ್ನು ಯುರೋಪಿನವರು ಹೀಯಾಳಿಸಿ ಕರೆಯುತ್ತಿದ್ದ ಪದ. ನಮ್ಮ ಹೊಲದ ಚೇಳಿಗೆ ಅದು ಅಂಟಿಕೊಂಡಿದ್ದು ನನಗಂತೂ ಹಿಡಿಸುವುದಿಲ್ಲ. ಆದರೆ ನಿಯಮದ ಪ್ರಕಾರ ಮೊದಲು ಇಟ್ಟ ಹೆಸರಿಗೇ ಬೆಲೆ.

ಇದು ಸುಮ್ನೆ ಪಂಡಿತರ ಜಗಳ ಅಲ್ಲ. ಈ ಚೇಳಿನ ವಿಷದಿಂದ ತೆಗೆದ ಐಬೀರಿಯೋಟಾಕ್ಸಿನ್ ಎಂಬ ವಿಷಾಂಶದ ಬಗ್ಗೆ 1990ರಲ್ಲಿ ಬಂದ ವರದಿಯಲ್ಲಿ ಇರುವುದು ಬ್ಯೂಥಸ್. ಮಹಾರಾಷ್ಟ್ರದ ಮಹಾಡ್‌ನ ಡಾ. ಹಿಮ್ಮತರಾವ್ ಬಾವಸ್ಕರ್ ಬಿಪಿಗೆ ಕೊಡುವ ಪ್ರಾಜೋಸಿನ್ ಮಾತ್ರೆಯನ್ನು ಚೇಳು ಕಡಿತಕ್ಕೆ ಬಳಸಿ ಎಷ್ಟೋ ಜೀವ ಉಳಿಸಿದವರು. ಪ್ರಾಜೋಸಿನ್ ಜೊತೆಗೆ ಚೇಳಿನ ವಿಷ ಇಳಿಸುವ ಇಂಜೆಕ್ಷನ್ನೂ ಕೊಟ್ಟರೆ ರೋಗಿ ಬೇಗ ಚೇತರಿಸಿಕೊಳ್ಳುತ್ತಾನೆ ಎಂದು ಅವರು 2011ರಲ್ಲಿ ತೋರಿಸಿದರು. ಆ ವರದಿಯಲ್ಲಿ ಇನ್ನೂ ಮೆಸೊಬ್ಯೂಥಸ್ಸೇ ಇದೆ, ಹೆಸರು ಬದಲಾಗಿ ನಾಲ್ಕು ವರ್ಷ ಆದಮೇಲೂ. ಬಳ್ಳಾರಿಯಲ್ಲಿ ಓದುವ ವೈದ್ಯಕೀಯ ವಿದ್ಯಾರ್ಥಿ ಹೊಸ ಹೆಸರೊಂದನ್ನೇ ಹುಡುಕಿದರೆ ಇವೆರಡೂ ತಪ್ಪಿಹೋಗಬಹುದು. ಟ್ಯಾಮುಲಸ್ ಎಂದು ಹುಡುಕಿದರೆ ಮೂರೂ ಕುಲದ ಬರಹ ಸಿಗುತ್ತದೆ. 1798ರಿಂದ ಬದಲಾಗದೆ ಉಳಿದ ಭಾಗ ಅದೊಂದೇ.